ಜಗಲಿಯ ಮೇಲಿನ ಡಾಕ್ಟರವ್ವ

“ಓದ್ರಿ ಸಾವ್ಕಾರ್ರ, ಬಾಯಿ ಬಿಟ್ಟು ಓದ್ರಿ! ಅಚ್ಚು ಹಾಕ್ಸೂ ಮುಂದ ಕಣ್ಣ ಇರಲಿಲ್ಲೇನು ನಿಮಗ? ನಲವತ್ತೊಂದನೇ ಪುಟ. ನನ್ನ ಬೊಟ್ಟ ಎಲ್ಲಿ ಐತಿ ನೋಡ್ರಿ, ಅಲ್ಲಿಂದ ಓದ್ರಿ!”

“ದನಿ ಇಳಸು ಮಂಜವ್ವ. ಹೊರಗ ಬಸರಿ ಹೆಣ್ಣಮಕ್ಕಳು ಕುಂತಾರ.”

“ಕುಂತಿರಲಿ. ಅವರೂ ಕೇಳ್ಲಿ. ಎಂಥಾಕಿ ಅಂಗಳಕ್ಕ ಬಂದು ಕುಂತೇವಿ ಅಂತ ಅವರಿಗೂ ತಿಳೀಲಿ.”

ಚನ್ನೇಶ ಪುಸ್ತಕವನ್ನು ಮುಟ್ಟಲಿಲ್ಲ. ಶಿಗ್ಗಾಂವದಲ್ಲಿ ಅವನದು ಮೂರು ತಲೆಮಾರಿನ ಕಾಳಿನ ಅಡತಿ ಅಂಗಡಿ. ಅವನ ಸೋದರತ್ತೆ ನೀಲಾಂಬಿಕಾ ಡಾಕ್ಟರು ಐವತ್ತು ವರ್ಷದ ಹಿಂದೆ ಕಟ್ಟಿದ ಹೆರಿಗೆ ಆಸ್ಪತ್ರೆ ಇದು. ಈಗ ಬೋರ್ಡಿನ ಮೇಲೆ ನೀಲಾಂಬಿಕಾ ಆರೋಗ್ಯ ಕೇಂದ್ರ ಎಂದಿದೆ, ಅದಕ್ಕೆ ಅವನೇ ಅಧ್ಯಕ್ಷ. ಸುವರ್ಣ ಮಹೋತ್ಸವಕ್ಕೆ ಒಂದು ತಿಂಗಳು ಉಳಿದಿತ್ತು. ಅತ್ತೆ ಯಾವಾಗಲೋ ಬರೆದಿದ್ದ ಸಣ್ಣ ಪುಸ್ತಕವೊಂದು ಮನೆಯ ಅಟ್ಟದ ಮೇಲೆ ಸಿಕ್ಕಿತ್ತು. ಅದನ್ನು ಸವಣೂರಿನ ಪ್ರೆಸ್ಸಿಗೆ ಕೊಟ್ಟು ಸಾವಿರ ಪ್ರತಿ ಹೊಡೆಸಿದ್ದ. ಅವನು ಅದನ್ನು ಓದಿರಲಿಲ್ಲ. ಸಮಿತಿಯ ಒಂಬತ್ತು ಜನರಲ್ಲಿ ಒಬ್ಬರೂ ಓದಿರಲಿಲ್ಲ. ದೊಡ್ಡವರು ಬರೆದದ್ದು, ಒಳ್ಳೆಯದೇ ಇರುತ್ತದೆ ಎಂದು ಮುಖಪುಟದ ಫೋಟೋಕ್ಕೆ ಕೈ ಮುಗಿದು, ಒಳಗೆ ತೆರೆಯದೆ, ಆಮಂತ್ರಣ ಪತ್ರಿಕೆಯ ಜೊತೆ ಆಶಾ ಕಾರ್ಯಕರ್ತೆಯರಿಗೆಲ್ಲ ಒಂದೊಂದು ಹಂಚಿಬಿಟ್ಟಿದ್ದರು.

ಮಂಜವ್ವ ಬಂಕಾಪುರದ ಕೇರಿಯ ಆಶಾ. ಹದಿನೈದು ವರ್ಷದಿಂದ ಕೇರಿಯ ಬಸುರಿಯರನ್ನು ಕೈ ಹಿಡಿದು ಇದೇ ಕೇಂದ್ರಕ್ಕೆ ಕರೆದು ತಂದವಳು. ಓದಿದ್ದು ಏಳನೆಯ ಇಯತ್ತೆ. ಆದರೆ ಕೈಗೆ ಬಂದ ಅಚ್ಚಿನ ಕಾಗದವನ್ನು, ಅದು ಮಿರ್ಚಿ ಕಟ್ಟಿ ಕೊಟ್ಟದ್ದೇ ಇರಲಿ, ಓದದೆ ಬಿಟ್ಟವಳಲ್ಲ. ಚನ್ನೇಶ ಓದದಿದ್ದಾಗ ತಾನೇ ಓದಿದಳು, ಶಾಲೆಯಲ್ಲಿ ಎದ್ದು ನಿಂತು ಪಾಠ ಓದಿದ ಹಾಗೆ, ಒಂದಕ್ಷರ ನುಂಗದೆ:

“ಕೇರಿಯ ಹೆಂಗಸರಿಗೆ ತಿಳಿಸಿ ಹೇಳುತ್ತ ಕೂರುವುದು ಕಾಲಹರಣ. ಹೊಲ ಹಸನು ಮಾಡುವ ರೈತನು ಕಳೆಯನ್ನು ಕೇಳಿ ಕೀಳುತ್ತಾನೆಯೇ? ಬಂಕಾಪುರದ ಅನ್ನವ್ವ ಎಂಬ ಹತ್ತೊಂಬತ್ತು ವರ್ಷದವಳ ಹೊಟ್ಟೆ ಕೊಯ್ದು ಹೆಣ್ಣು ಕೂಸನ್ನು ತೆಗೆದೆ. ಹೊಲಿಯುವ ಮೊದಲು ಮುಂದೆ ಮಕ್ಕಳಾಗುವ ದಾರಿಯನ್ನೂ ಕಟ್ಟಿಬಿಟ್ಟೆ. ಅವಳಿಗೆ ಇದು ತಿಳಿದಿಲ್ಲ. ತಿಳಿಯುವ ಅಗತ್ಯವೂ ಇಲ್ಲ. ಇಂಥವು ಇಲ್ಲಿಯವರೆಗೆ ಹದಿನೇಳು ಆದವು.”

ಪುಸ್ತಕ ಮುಚ್ಚಿದಳು.

“ಆ ಹೆಣ್ಣು ಕೂಸು ನಾನs ರಿ. ಅನ್ನವ್ವ ನಮ್ಮವ್ವ.”

ಚನ್ನೇಶ ಟೇಬಲ್ಲಿನ ಮೇಲಿನ ನೀರು ಕುಡಿದ. “ಆಗಿನ ಕಾಲ ಬ್ಯಾರೆ ಇತ್ತು, ಮಂಜವ್ವ. ಸರಕಾರನs ಮಂದೀನ ಹಿಡಿದು ಹಿಡಿದು ಮಾಡ್ಸತಿತ್ತು. ನಮ್ಮತ್ತಿ ಎಷ್ಟು ಜೀವಾ ಉಳಿಸ್ಯಾಳ, ಅದನ್ನೂ ನೋಡು. ನಿಮ್ಮವ್ವ ಅವತ್ತು ಚಕ್ಕಡ್ಯಾಗ ಸಾಯ್ತಿದ್ಲು, ನೀನೂ ಸಾಯ್ತಿದ್ದಿ.”

“ಉಳಿಸಿದ್ದಕ್ಕ ನಮ್ಮವ್ವ ನಲವತ್ತೇಳು ವರ್ಷ ನಿಮ್ಮತ್ತಿ ಫೋಟೋಕ್ಕ ದೀಪಾ ಹಚ್ಯಾಳ. ಜಗಲಿ ಮ್ಯಾಲ ದೇವರ ಪಕ್ಕ ಇಟ್ಟಾಳ. ಕಟ್ಟಿದ್ದಕ್ಕ ಏನ್ ಹಚ್ಚೂಣು, ನೀವs ಹೇಳ್ರಿ.”

“ಪುಸ್ತಕ ಎಲ್ಲಾ ಹೊಳ್ಳಿ ತರಸ್ತೇನಿ. ಆ ಹಾಳಿ ಹರದ ಹಾಕಸ್ತೇನಿ. ಮುಗೀತಲ್ಲ?”

“ಹಾಳಿ ಹರೀತೀರಿ. ನಮ್ಮವ್ವನ ಹೊಟ್ಟಿ ಬಿಚ್ಚಿ ಹೊಳ್ಳಿ ಹೊಲಿಸ್ತೀರೇನು?”

ಮಂಜವ್ವ ಮೂರು ಷರತ್ತು ಹಾಕಿದಳು. ಮಹೋತ್ಸವದ ದಿನ ಆ ಪುಟವನ್ನು ಅವನೇ ನಿಂತು ಮೈಕಿನಲ್ಲಿ ಓದಬೇಕು, ಬೋರ್ಡಿನ ಮೇಲಿನ ಹೆಸರು ಇಳಿಯಬೇಕು, ಅತ್ತೆಯ ಹೊಸ ಮೂರ್ತಿಯನ್ನು ಬಟ್ಟೆ ಬಿಚ್ಚದೆ ಬಂದ ಗಾಡಿಯಲ್ಲೇ ತಿರುಗಿ ಕಳಿಸಬೇಕು. “ಇಲ್ಲಂದ್ರ ನಾಲ್ಕ ತಾಲೂಕಿನ ಒಂದ ಹೆಣ್ಣೂ ನಿಮ್ಮ ಹೊಸಲಾ ತುಳಿಯೂದಿಲ್ಲ. ನಾ ತುಳಸಿಗೊಡೂದಿಲ್ಲ.” ಹಾಗೆಂದು ಹೊರಗೆ ಬಂದಳು.

ಹೊರಗೆ ಮಗಳು ನಿಂತಿದ್ದಳು, ಕೇಂದ್ರದ ಬಿಳಿ ಸಮವಸ್ತ್ರದಲ್ಲಿ. ಅವಳ ಹೆಸರೂ ನೀಲಾಂಬಿಕಾ. ಇಟ್ಟವಳು ಅನ್ನವ್ವ, ಡಾಕ್ಟರವ್ವನ ಹೆಸರು ಮನೆಯಲ್ಲಿ ಇರಲಿ ಎಂದು. ಹಾಗೆ ಇಟ್ಟ ಮನೆಗಳು ಒಂದೆರಡಲ್ಲ. ಇಲ್ಲಿ ಹುಟ್ಟಿದ ಚೊಚ್ಚಲ ಹೆಣ್ಣು ಕೂಸಿಗೆ ಆ ಹೆಸರಿಡುವುದು ಹಾನಗಲ್ಲಿನಿಂದ ಹಿರೇಕೆರೂರಿನ ತನಕ ವಾಡಿಕೆಯೇ ಆಗಿತ್ತು. ಗೌಡರ ಮನೆಯಲ್ಲೂ ನೀಲಾಂಬಿಕಾ, ಕೇರಿಯಲ್ಲೂ ನೀಲಾಂಬಿಕಾ.

ಮಗಳು ತಾಯಿಯ ರಟ್ಟೆ ಹಿಡಿದು ಪಕ್ಕದ ಸಣ್ಣ ಕೋಣೆಗೆ ಎಳೆದುಕೊಂಡು ಹೋದಳು. ಎರಡು ಕುರ್ಚಿ, ಒಂದು ಕಿಟಕಿ. ಇದಕ್ಕೆ ಕೇಂದ್ರದಲ್ಲಿ ಕೇಳೋ ಖೋಲಿ ಎನ್ನುತ್ತಾರೆ. ಆಪರೇಷನ್ ಇರಲಿ, ಕಾಪರ್ ಟಿ ಇರಲಿ, ತೆಗೆಸಿಕೊಳ್ಳುವುದಿರಲಿ, ಗಂಡ ಅತ್ತೆ ಯಾರನ್ನೂ ಒಳಗೆ ಬಿಡದೆ ಆ ಹೆಣ್ಣೊಬ್ಬಳನ್ನೇ ಕೂಡಿಸಿ, ನಿನಗೇನು ಬೇಕು ಎಂದು ಮೂರು ಸಲ, ಮೂರು ಬೇರೆ ದಿನ ಕೇಳುವ ಕೋಣೆ. ಕೇಳುವವಳು ಮಂಜವ್ವನ ಮಗಳೇ.

“ಹೆಸರು ತಗೀಲಿ, ಮೂರ್ತಿ ಒಡೀಲಿ, ನಾನೂ ನಿನ್ನ ಕೂಡ ನಿಲ್ತೇನಿ. ಆದ್ರ ಹೆಣ್ಣಮಕ್ಕಳಿಗೆ ಬರಬ್ಯಾಡ್ರಿ ಅನಬ್ಯಾಡ ಯವ್ವಾ. ಕೊಯ್ದಾಕಿ ಸತ್ತು ಇಪ್ಪತ್ತೊಂಬತ್ತ ವರ್ಷ ಆತು. ಈಗ ಇಲ್ಲಿ ಇರಾಕಿ ನಾನು.”

“ಆಕಿ ಹೆಸರಿಟ್ಕೊಂಡು ಆಕಿ ಮನ್ಯಾಗ ಆಕಿ ಚಾಕರಿ ಮಾಡೂ ನೀನು.”

“ಹೆಸರು ನೀವು ಇಟ್ಟದ್ದು. ಚಾಕರಿ ನಾ ಮಾಡೂದು ಹೊರಗ ಕುಂತವರದ್ದು.”

“ಬಾಯಿ ಭಾಳ ಬಂದೈತಿ ನಿನಗ.”

“ನಿನ್ನ ಹೊಟ್ಟ್ಯಾಗ ಹುಟ್ಟೇನಲ್ಲ.” ಮಗಳು ನಗಲಿಲ್ಲ. “ಆಯಿಗೆ ಹೇಳಿದಿ? ನಿಮ್ಮವ್ವಗ?”

ಮಂಜವ್ವ ಕಿಟಕಿಯ ಕಡೆ ನೋಡಿದಳು.

“ಹೇಳು ಮೊದಲ. ಏನ್ ಮಾಡೂಣು ಅಂತ ಆಕೀನ ಕೇಳು. ಹೊಟ್ಟಿ ಆಕೀದು.”

“ಆಕಿಗೇನು ಕೇಳೂದು? ಆಕಿ ದೀಪಾ ಹಚ್ಚಾಕಿ. ಕೇಳಿದ್ರ ಬಿಡವಾ ಮಗಳ ಅಂತಾಳ. ನಾ ಬಿಡಾಕಿ ಅಲ್ಲ.”

ಬಿಡಲಿಲ್ಲ. ಹೇಳಲೂ ಇಲ್ಲ. ಆ ತಿಂಗಳು ದಿನವೂ ಸಂಜೆ ಅನ್ನವ್ವ ದೇವರ ಜಗಲಿಯ ಮುಂದೆ ಕೂತು, ಮಂಜವ್ವ ಹಾಕಿದ್ದ ಬುದ್ಧನ ಚಿತ್ರಕ್ಕೂ ತಾನು ಇಟ್ಟಿದ್ದ ಡಾಕ್ಟರವ್ವನ ಫೋಟೋಕ್ಕೂ ಒಂದೇ ಬತ್ತಿಯಿಂದ ದೀಪ ಹಚ್ಚುತ್ತಿದ್ದಳು. ಸೆರಗಿನ ತುದಿಯಿಂದ ಫೋಟೋದ ಗಾಜು ಒರೆಸುತ್ತಿದ್ದಳು. ಮಂಜವ್ವ ಒಲೆಯ ಮುಂದೆ ಕೂತು ಬೆನ್ನಿನಿಂದಲೇ ಅದನ್ನು ನೋಡುತ್ತಿದ್ದಳು. ರೊಟ್ಟಿ ಬಡಿಯುವ ಕೈಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ ಒಂದು ಸಂಜೆ ರೊಟ್ಟಿ ಹರಿದು ಹಿಟ್ಟಾಯಿತು. ಫೋಟೋ ಕಿತ್ತು ಅಂಗಳಕ್ಕೆ ಎಸೆಯಬೇಕು ಎನ್ನಿಸುತ್ತಿತ್ತು. ತಡಿ, ತಡಿ, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಇದು ಒಳಗೆ ಒಡೆಯುವ ಗಾಜಲ್ಲ, ಸಾವಿರ ಮಂದಿಯ ಮುಂದೆ ಒಡೆಯಬೇಕು.

ದಾರಿಯನ್ನು ಸಮಿತಿಯವರೇ ಕೊಟ್ಟಿದ್ದರು. ಕಾರ್ಯಕ್ರಮದಲ್ಲಿ ನಾಲ್ಕು ತಾಲೂಕಿನ ನೀಲಾಂಬಿಕೆಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು ಮೂರ್ತಿಗೆ ಹೂ ಏರಿಸುವುದಿತ್ತು. ಮೂವತ್ತೊಂದು ಹೆಸರಿನ ಪಟ್ಟಿ, ಕರೆದು ಬರುವ ಕೆಲಸ ಎರಡು ತಿಂಗಳ ಹಿಂದೆಯೇ ಮಂಜವ್ವನ ಪಾಲಿಗೆ ಬಂದಿತ್ತು. ಚನ್ನೇಶ ಮಂಜವ್ವನದೊಂದನ್ನು ಬಿಟ್ಟು ಪುಸ್ತಕಗಳನ್ನೆಲ್ಲ ವಾಪಸು ತರಿಸಿ ಜೋಳದ ಚೀಲಗಳಲ್ಲಿ ತುಂಬಿ ಅಡತಿಯ ಮೂಲೆಗೆ ಒಟ್ಟಿದ. ಆ ಪಟ್ಟಿಯನ್ನು ಕಸಿದುಕೊಳ್ಳುವುದು ಅವನಿಗೆ ನೆನಪಾಗಲಿಲ್ಲ.

ಮಂಜವ್ವ ಬಸ್ಸು ಹತ್ತಿದಳು. ಒಂದು ಕೈಯಲ್ಲಿ ಅರಿಷಿಣ ಹಚ್ಚಿದ ಆಮಂತ್ರಣ, ಇನ್ನೊಂದು ಕೈಯಲ್ಲಿ ನಲವತ್ತೊಂದನೆಯ ಪುಟ.

ಸವಣೂರಿನ ನೀಲಾಂಬಿಕಾ ವೀಳ್ಯದೆಲೆ ಎಣಿಸಿ ಕಟ್ಟುವವಳು. ಎಲೆ ಎಣಿಸುತ್ತಲೇ ಕೇಳಿ, ನಡುವೆ ಎಣಿಕೆ ತಪ್ಪಿ, ಇಡೀ ಕಟ್ಟು ಬಿಚ್ಚಿ, “ಹೆಸರು ಕರೆದ್ರೂ ನಾ ಏಳೂದಿಲ್ಲಕ್ಕ, ಕುಂತ ಬಿಡ್ತೇನಿ” ಎಂದಳು. ಹಾನಗಲ್ಲಿನವಳು ಶಾಲೆಯ ಮೇಡಂ, ದೊಡ್ಡ ಮನೆತನ; ಚಹಾ ಕೊಟ್ಟು, “ಹೆಸರು ಬದಲು ಮಾಡಂತೀರೇನು? ಆಧಾರ್ ಕಾರ್ಡಿನಿಂದ ಹಿಡಿದು ಎಲ್ಲಾ ಬದಲಿಸಬೇಕ್ರಿ” ಎಂದು ನಕ್ಕಳು. “ನಮ್ಮ ಮನಿಯವರಿಗೆ ಡಾಕ್ಟರವ್ವ ಏನೂ ಕೆಟ್ಟದ್ದು ಮಾಡಿಲ್ಲ.” ಮಂಜವ್ವ ಚಹಾದ ಕಪ್ಪನ್ನು ಮುಟ್ಟದೆ ಎದ್ದಳು. “ಅದನ್ನs ಹೇಳಾಕ ಬಂದಿದ್ದೆ ಮೇಡಂ. ನಿಮ್ಮನ್ನ ಕೇಳಿ ಮಾಡ್ಯಾಳ, ನಮ್ಮನ್ನ ಕೇಳಿಲ್ಲ.”

ಹಿರೇಕೆರೂರಿನ ಕಡೆ ಮಾಸೂರಿನಲ್ಲಿ ಒಬ್ಬ ನೀಲಾಂಬಿಕಾ ಕೂಲಿಗೆ ಹೋಗುವವಳು ಇದ್ದಳು. ಅವಳೂ ಕೂತೇ ಇರುತ್ತೇನೆ ಎಂದಳು. ಅಲ್ಲಿ ಮಂಜವ್ವನಿಗೆ ಪಟ್ಟಿಯಲ್ಲಿಲ್ಲದ ಇನ್ನೊಂದು ಮನೆಯ ಕೆಲಸವಿತ್ತು. ಮದಗದ ಕೆರೆಯ ಕೆಳಗೆ, ನೀರಾವರಿ ಗದ್ದೆಯ ಅಂಚಿಗೆ, ನೀಲಪ್ಪನ ಮನೆ. ಮಂಜವ್ವನನ್ನು ಹುಟ್ಟಿಸಿದವನು. ಮಂಜವ್ವ ನಾಲ್ಕು ವರ್ಷದವಳಿದ್ದಾಗ, ಅನ್ನವ್ವನ ಹೊಟ್ಟೆ ಒಣಗಿತು, ಗಂಡು ಕೂಸು ಆಗಲಿಲ್ಲ ಎಂದು ಬಿಟ್ಟು ಬಂದು ಇಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡವನು. ಅನ್ನವ್ವ ಆಮೇಲೆ ಎಷ್ಟು ವರ್ಷ ಶುಕ್ರವಾರ ಉಪವಾಸ ಮಾಡಿದಳೋ, ಎಷ್ಟು ಗುಡಿಯ ಸುತ್ತ ಉರುಳಿದಳೋ, ತನ್ನ ಹೊಟ್ಟೆಯನ್ನು ತಾನೇ ಎಷ್ಟು ಬೈದುಕೊಂಡಳೋ.

ನೀಲಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಮಗಳ ಗುರುತು ಹತ್ತಲು ಹೊತ್ತು ಹಿಡಿಯಿತು. ಅವಳು ಕೂರಲಿಲ್ಲ. ಪುಟ ತೆಗೆದು ಓದಿದಳು. ಮುಗಿದಾಗ ಅವನು ಹಗ್ಗ ಕೆಳಗಿಟ್ಟ.

“ಸಾಕು ಬಿಡವಾ. ಈಗ್ಯಾಕ ಅದೆಲ್ಲ?”

“ಒಮ್ಮಿಗೆ ಕೇಳಿಸಿದ್ದಿಲ್ಲ ಅಂತ ಕಾಣ್ತೈತಿ,” ಎಂದು ಮಂಜವ್ವ ಮೊದಲಿನಿಂದ ಮತ್ತೆ ಓದಿದಳು. ಎರಡನೆಯ ಸಲ ದನಿ ಏರಿಸಿ ಓದಿದಳು. ಒಳಗಿಂದ ಅವನ ಹೆಂಡತಿ, ಮಗ, ಸೊಸೆ ಬಾಗಿಲಿಗೆ ಬಂದು ನಿಂತರು. ಮುದುಕ ಎರಡು ಕೈಯಿಂದ ಮುಖ ಮುಚ್ಚಿಕೊಂಡ. ಅದನ್ನು ನೋಡಿ ಮಂಜವ್ವನ ಎದೆಗೆ ತಣ್ಣನೆಯ ನೀರು ಹೊಯ್ದಷ್ಟು ಸುಖವಾಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಬುತ್ತಿ ಬಿಚ್ಚಿ ಉಂಡಳು. ತಿಂಗಳಿನಿಂದ ಅನ್ನ ಅಷ್ಟು ರುಚಿಸಿರಲಿಲ್ಲ.

ಮಹೋತ್ಸವದ ದಿನ ಕೇಂದ್ರದ ಅಂಗಳದಲ್ಲಿ ಪೆಂಡಾಲು ತುಂಬಿತ್ತು. ಮುಂದೆ ಕೆಂಪು ಬಟ್ಟೆ ಹೊದ್ದ ಮೂರ್ತಿ. ಅನ್ನವ್ವ ನಸುಕಿನಲ್ಲೇ ಮಿಂದು, ಇಲಕಲ್ಲ ಸೀರೆ ಉಟ್ಟು, ಹಿತ್ತಲಿನ ಚೆಂಡು ಹೂವನ್ನೆಲ್ಲ ಬುಟ್ಟಿಗೆ ಕಿತ್ತು ತಂದಿದ್ದಳು. ಮಂಜವ್ವ ಬೇಡ ಎನ್ನಲಿಲ್ಲ. ಎರಡನೆಯ ಸಾಲಿನಲ್ಲಿ ಕೂಡಿಸಿದಳು, ಎಲ್ಲರಿಗೂ ಕಾಣುವ ಹಾಗೆ. ಬದಿಗೆ ನಿಂತಿದ್ದ ಮೊಮ್ಮಗಳು ಆ ಬುಟ್ಟಿಯನ್ನು ನೋಡಿ, ತಾಯಿಯ ಬಳಿ ಬಂದು ಕಿವಿಯಲ್ಲಿ ಕೇಳಿದಳು: “ಹೇಳಿಲ್ಲೇನು ಇನ್ನೂ? ನಿನ್ನ ಕಾಲಿಗೆ ಬೀಳ್ತೇನಿ ಯವ್ವಾ, ಈಗರ ಹೇಳು. ಇಲ್ಲಂದ್ರ ನಾ ಹೇಳ್ತೇನಿ.”

“ನೀ ಬಾಯಿ ಬಿಟ್ರ ನನ್ನ ಮಗಳs ಅಲ್ಲ.”

ಚನ್ನೇಶ ಹೆಸರು ಓದತೊಡಗಿದ. ಹಾನಗಲ್ಲಿನ ಮೇಡಂ ಎದ್ದು ಹೋಗಿ ಹೂ ಇಟ್ಟಳು. ಎರಡನೆಯವಳೂ ಇಟ್ಟಳು. ಮೂರನೆಯ ಹೆಸರು, ಸವಣೂರಿನ ನೀಲಾಂಬಿಕಾ. ಅವಳು ಏಳಲಿಲ್ಲ. ಚನ್ನೇಶ ಎರಡನೆಯ ಸಲ ಕರೆದ. ಅವಳು ತನ್ನ ಮೊಳಕೈ ತುರಿಸಿಕೊಳ್ಳುತ್ತ ಕೂತಳು. ಮಾಸೂರಿನವಳು ಏಳಲಿಲ್ಲ. ಆಮೇಲೆ ಇನ್ನೊಬ್ಬಳು ಎದ್ದು, ಸುತ್ತ ನೋಡಿ, ಅರ್ಧ ಹೋದವಳು ತಿರುಗಿ ಬಂದು ಕೂತಳು. ಕೆಲವರು ಹೂ ಇಟ್ಟರು, ಕೆಲವರು ಕೂತರು. ಹೂ ಇಟ್ಟವರು ಯಾವ ಓಣಿಯವರು, ಕೂತವರು ಯಾವ ಓಣಿಯವರು ಎಂದು ಹದಿನೈದನೆಯ ಹೆಸರಿಗೆ ಪೆಂಡಾಲಿನಲ್ಲಿ ಎಲ್ಲರಿಗೂ ತಿಳಿದುಹೋಗಿತ್ತು. ಗುಸುಗುಸು ಎದ್ದಿತು. ಚನ್ನೇಶನ ಹಣೆಯ ವಿಭೂತಿ ಬೆವರಿಗೆ ಕರಗಿತು.

“ನೀಲಾಂಬಿಕಾ, ನಮ್ಮ ಕೇಂದ್ರದ ಸ್ಟಾಫ್ ನರ್ಸ್,” ಎಂದ, ಇವಳಾದರೂ ಬಂದಾಳು ಎನ್ನುವ ಹಾಗೆ.

ಮಗಳು ಹೆಜ್ಜೆ ಎತ್ತುವ ಮೊದಲೇ ಮಂಜವ್ವ ವೇದಿಕೆ ಹತ್ತಿದ್ದಳು. ಮೈಕು ಕಿತ್ತುಕೊಂಡಳು. ಓದಿದಳು. ಒಂದು ತಿಂಗಳು ಓದಿ ಓದಿ ಆ ಪುಟ ಬಾಯಿಪಾಠವಾಗಿತ್ತು. ಪುಸ್ತಕ ಎತ್ತಿ ಹಿಡಿದದ್ದು ತೋರಿಸಲಿಕ್ಕಷ್ಟೆ. ಕಳೆಯನ್ನು ಕೇಳಿ ಕೀಳುತ್ತಾನೆಯೇ ಎಂಬಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದ ಆಮಂತ್ರಣ ಪತ್ರಿಕೆಗಳು ನಿಂತವು. ಹದಿನೇಳು ಎಂಬಲ್ಲಿ ಯಾರೋ ಹೆಂಗಸು ಹೋ ಎಂದಳು.

“ಈ ಅನ್ನವ್ವ ಯಾರು ಅಂತೀರೇನು? ಓದಾಕ ಬರೂದಿಲ್ಲ, ಯಾರು ಕೇಳ್ತಾರ ಅಂತ ಹೆಸರು ಬರದು ಅಚ್ಚು ಹಾಕ್ಯಾಳ ನೋಡ್ರಿ ನಿಮ್ಮ ದೇವತಿ! ಅಲ್ಲೇ ಕುಂತಾಳ, ಎರಡನೇ ಸಾಲಿನ್ಯಾಗ. ನಮ್ಮವ್ವ! ಎದ್ದ ನಿಲ್ಲಬೇ ಅವ್ವ. ಎಲ್ಲಾರಿಗೂ ಕಾಣ್ಲಿ. ನಿಲ್ಲು!”

ಅನ್ನವ್ವ ನಿಂತಳು. ನಿಲ್ಲು ಎಂದರೆ ನಿಂತು, ಕೂರು ಎಂದರೆ ಕೂತು ಅರವತ್ತಾರು ವರ್ಷ ಬದುಕಿದವಳು. ಬುಟ್ಟಿ ಹೊಟ್ಟೆಗೆ ಅವಚಿಕೊಂಡಿದ್ದಳು. ಸಾವಿರ ಕಣ್ಣು ಆ ಬುಟ್ಟಿಯ ಹಿಂದಿನ ಹೊಟ್ಟೆಯನ್ನೇ ನೋಡಿದವು. ಹಿಂದಿನ ಸಾಲಿನವರು ಕಾಣಲೆಂದು ಎದ್ದು ನಿಂತರು. ಒಬ್ಬ ಮೊಬೈಲು ಎತ್ತಿ ಹಿಡಿದ.

ಕೂಗಾಟ ಶುರುವಾಯಿತು. ಮೂರ್ತಿ ಎತ್ತಿರಿ ಎಂದು ಕೇರಿಯವರು, ಮೈಕು ಬಂದ್ ಮಾಡಿರಿ ಎಂದು ಸಮಿತಿಯವರು. ಚನ್ನೇಶ ಎರಡೂ ಕೈ ಜೋಡಿಸಿ, ತೆಗೆಸುತ್ತೇನೆ, ಬೋರ್ಡೂ ತೆಗೆಸುತ್ತೇನೆ, ಶಾಂತರಾಗಿರಿ ಎಂದು ಮೈಕಿಲ್ಲದೆ ಒದರುತ್ತಿದ್ದ. ಮಂಜವ್ವ ಗೆದ್ದಿದ್ದಳು. ಇಳಿದು ಬಂದು ತಾಯಿಯ ಎದುರು ನಿಂತಳು, ಉಸಿರು ಏರಿಳಿಯುತ್ತಿತ್ತು.

“ನೋಡಿದೇನಬೇ? ನಿನ್ನ ಹೊಟ್ಟಿ ಒಣಗಿದ್ದಲ್ಲ. ಈಗ ಎಲ್ಲಾರಿಗೂ ತಿಳೀತು.”

ಅನ್ನವ್ವನ ದನಿ ಎಂದಿನಷ್ಟೇ ಸಣ್ಣಗಿತ್ತು. “ಈ ಪುಸ್ತಕ ಯಾವಾಗ ಓದಿದಿ?”

“ತಿಂಗಳ ಮ್ಯಾಲ ಆತು.”

“ತಿಂಗಳ.” ಅನ್ನವ್ವ ಬುಟ್ಟಿಯಲ್ಲಿನ ಹೂ ನೋಡಿದಳು. “ಒಂದ ತಿಂಗಳ ನಾ ದೀಪಾ ಹಚ್ಚೂದ ನೋಡಿಕೋತ ಕುಂತಿದ್ದೇನು ನೀನು?”

“ಹೇಳಿದ್ರ ನೀ ಬಿಡವಾ ಅಂತಿದ್ದಿ. ನಿನ್ನ ಸಲುವಾಗೇ ಇಷ್ಟೆಲ್ಲಾ…”

“ನಾ ಏನಂತಿದ್ದೆ ಅಂತ ನಿನಗ ಹ್ಯಾಂಗ ಗೊತ್ತು? ಆ ಡಾಕ್ಟರವ್ವಗೂ ಹಿಂಗs ಗೊತ್ತಿತ್ತು.”

ಬುಟ್ಟಿಯನ್ನು ಮಂಜವ್ವನ ಕೈಯಲ್ಲಿ ಇಟ್ಟಳು. ಸೆರಗು ಎಳೆದು ಹೊಟ್ಟೆ ಮುಚ್ಚಿಕೊಂಡಳು. ಮೂರ್ತಿಯ ಕಡೆ ನೋಡಲಿಲ್ಲ, ಚನ್ನೇಶನ ಕಡೆ ನೋಡಲಿಲ್ಲ. ಕುರ್ಚಿಗಳ ಸಂದಿಯಲ್ಲಿ ದಾರಿ ಬಿಡಿಸಿಕೊಂಡು ಪೆಂಡಾಲಿನ ಹೊರಗೆ ನಡೆದಳು. ಮೊಮ್ಮಗಳು ಹಿಂದೆ ಓಡಿದಳು. ಮಂಜವ್ವ ಹೋಗಲಿಲ್ಲ. ಸಿಟ್ಟು ಅವಳಿಗೂ ಬಂದಿತ್ತು. ಯಾರಿಗಾಗಿ ಮಾಡಿದೆನೋ ಅವಳೇ ಹಿಂಗಂದರೆ! ಬರುತ್ತಾಳೆ, ಹೊಟ್ಟೆ ಹಸಿದರೆ ಮನೆಗೆ ಬರುತ್ತಾಳೆ ಎಂದುಕೊಂಡು ಒಬ್ಬಳೇ ಬಂಕಾಪುರದ ಬಸ್ಸು ಹತ್ತಿದಳು.

ದೀಪದ ಹೊತ್ತಾಯಿತು. ಅನ್ನವ್ವ ಬರಲಿಲ್ಲ. ಕೋಟೆಯ ಕಡೆಯಿಂದ ನವಿಲುಗಳ ಕೂಗು ಕೇಳಿತು, ನಿಂತಿತು. ಜಗಲಿಯ ಮೇಲೆ ಡಾಕ್ಟರವ್ವ ಕನ್ನಡಕದೊಳಗಿಂದ ನೋಡುತ್ತಿದ್ದಳು, ನಿನ್ನೆ ಸಂಜೆ ಒರೆಸಿದ ಗಾಜು ಇನ್ನೂ ಹೊಳೆಯುತ್ತಿತ್ತು. ಮಂಜವ್ವ ಎದ್ದಳು. ತಿಂಗಳಿನಿಂದ ತಡೆದ ಕೈ ಅದು. ಫೋಟೋ ಕಿತ್ತು ಒರಳಿನ ಕಲ್ಲಿಗೆ ಅಪ್ಪಳಿಸಿದಳು. ಗಾಜು ಪುಡಿಯಾಯಿತು. ಚೌಕಟ್ಟನ್ನು ಮುರಿದು ಒಲೆಗೆ ತುರುಕಿದಳು, ಒಳಗಿನ ಕಾಗದವನ್ನು ನಾಲ್ಕು ತುಂಡು ಮಾಡಿ ಅದರ ಮೇಲೆ ಹಾಕಿದಳು. ಕಾಗದ ಉರಿದು ಮುಗಿಯುವ ತನಕ ನೋಡಿದಳು.

ಫೋನು ಬಂತು. ಮಗಳು.

“ಆಯಿ ನನ್ನ ಕ್ವಾರ್ಟರ್ಸಿನ್ಯಾಗ ಅದಾಳ.”

“ಆ ಕೊಯ್ದಾಕಿ ದವಾಖಾನ್ಯಾಗs ಹೋಗಿ ಕುಂತಳೇನು? ನಾಚಿಕಿ ಇಲ್ಲೇನು ಆಕಿಗೆ? ನಾಳೆ ಮುಂಜಾನೆ ಕರಕೊಂಡು ಬಾ.”

“ಆಕೀನ ಕೇಳಿದೆ. ಬರೂದಿಲ್ಲ ಅಂದ್ಲು. ಮೂರ ಸಲ ಕೇಳಿದೆ ಯವ್ವಾ. ಒಂದs ಮಾತು ಹೇಳಿ ಕಳಿಸ್ಯಾಳ. ಜಗಲಿ ಮ್ಯಾಲಿನ ಫೋಟೋ ಯಾರೂ ಮುಟ್ಟಬ್ಯಾಡ್ರಿ, ಹಂಗs ಕಳಸ್ರಿ ಅಂತ. ನಲವತ್ತೇಳು ವರ್ಷ ನಾ ಒರಸೇನಿ, ನನ್ನ ಕೈಲೇನ ಒಡೀಬೇಕು ಅಂದ್ಲು.”

ಒಲೆಯಲ್ಲಿ ಚೌಕಟ್ಟಿನ ಕಟ್ಟಿಗೆ ಇನ್ನೂ ಹೊಗೆಯಾಡುತ್ತಿತ್ತು.

“ಯವ್ವಾ? ಕಳಸ್ತೀಯಲ್ಲ?”

ಮಂಜವ್ವ ಫೋನು ಕೆಳಗಿಟ್ಟಳು.

ಕೇಂದ್ರದ ಬೋರ್ಡು ವಾರದೊಳಗೆ ಇಳಿಯಿತು. ಮೂರ್ತಿ ಹೋಯಿತು. ಚನ್ನೇಶನೂ ಅಧ್ಯಕ್ಷಗಿರಿ ಬಿಟ್ಟ. ಕೇರಿಯ ಹೆಂಗಸರು ಹದಿನೈದು ದಿನ ಹೋಗಲಿಲ್ಲ. ಆಮೇಲೆ ಮಂಜವ್ವನನ್ನು ಕೇಳದೆ, ತಾವೇ ಬಸ್ಸು ಹತ್ತಿ ಹೋಗತೊಡಗಿದರು. ಅನ್ನವ್ವನ ಎರಡು ಸೀರೆ, ಎಲೆಯಡಿಕೆ ಚೀಲ, ಕನ್ನಡಕ ಬಂಕಾಪುರದ ಮನೆಯಲ್ಲೇ ಉಳಿದವು. ಅವುಗಳನ್ನು ಒಯ್ಯಲಿಕ್ಕೂ ಅವಳು ತಿರುಗಿ ಬರಲಿಲ್ಲ.